ಸಾಲಿನ ಕೊನೆ ಕೇಳಿಸುತ್ತಿಲ್ಲ: ಅಪ್‌ವರ್ಡ್ ಕಂಪ್ರೆಷನ್ ಹೊಂದಿಸುವುದು ಹೇಗೆ?

ಮಂಡ್ಯ ಮೈಕ್

ಎಲ್ಲರಿಗೂ ನಮಸ್ಕಾರ. ನಮ್ಮೂರ ಕಡೆ ಒಬ್ಬರು ವಯಸ್ಸಾದ ನೀಲಗಾರರಿದ್ದಾರೆ. ಅವರು ಹಾಡುವ ಕಥೆಯನ್ನು ನಾವು ಒಂದಿಬ್ಬರು ಸೇರಿ ರೆಕಾರ್ಡ್ ಮಾಡುತ್ತಿದ್ದೇವೆ. ಮನೆಯ ಜಗುಲಿ ಮೇಲೆ ಕೂತು ಹಾಡುತ್ತಾರೆ, ಜೊತೆಗೆ ತಂಬೂರಿ, ಗಗ್ಗರ. ಒಂದು ಕಂಡೆನ್ಸರ್ ಮೈಕು, ಸಣ್ಣ ಇಂಟರ್‌ಫೇಸು, ಲ್ಯಾಪ್‌ಟಾಪಿನಲ್ಲಿ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್, ಇಷ್ಟೇ ನಮ್ಮ ಸಾಮಾನು.

ತಾತನ ದನಿ ಏರಿದಾಗ ಅದ್ಭುತವಾಗಿ ಬರುತ್ತೆ. ಆದರೆ ಸಾಲು ಮುಗಿಯುವ ಹೊತ್ತಿಗೆ ದನಿ ಇಳಿದು ಗಂಟಲಲ್ಲೇ ಉಳಿದುಬಿಡುತ್ತೆ. ಹೆಡ್‌ಫೋನಿನಲ್ಲಿ ಕೇಳಿಸುತ್ತೆ, ಫೋನ್ ಸ್ಪೀಕರಿನಲ್ಲಿ ಹಾಕಿದರೆ ಇಲ್ಲ. ಜೋರು ಸದ್ದನ್ನು ಒತ್ತುವ ಮಾಮೂಲಿ ಕಂಪ್ರೆಸರ್ ಹಾಕಿ, ಒಟ್ಟು ಸದ್ದನ್ನು ಏರಿಸುವ ಮೇಕಪ್ ಗೇನ್ ಕೊಟ್ಟು ನೋಡಿದೆವು. ಸಾಲಿನ ಕೊನೆ ಮೇಲೆ ಬಂತು, ಆದರೆ ತಂಬೂರಿಯ ಮೀಟು ಸಪ್ಪೆ ಆಯ್ತು, ಕೂಗಿ ಹಾಡುವ ಕಡೆ ದನಿಯ ಕಸುವೇ ಹೋಯ್ತು. ಗೆಳೆಯರೊಬ್ಬರು ಅಪ್‌ವರ್ಡ್ ಕಂಪ್ರೆಷನ್ (ಮೆಲ್ಲಗಿನ ಸದ್ದನ್ನು ಎತ್ತುವ ವಿಧಾನ) ಇರುವ ಒಂದು ಮಲ್ಟಿಬ್ಯಾಂಡ್ ಪ್ಲಗಿನ್ ಕೊಟ್ಟರು, ಸದ್ದನ್ನು ಸ್ವರದ ಎತ್ತರದ ಪ್ರಕಾರ ಬ್ಯಾಂಡುಗಳಾಗಿ ಭಾಗ ಮಾಡಿ ಕೆಲಸ ಮಾಡುವಂಥದ್ದು. ಅದರಲ್ಲಿ ಪ್ರತಿ ಅಕ್ಷರ ಕೇಳಿಸುತ್ತೆ ನಿಜ, ಜೊತೆಗೆ ಗದ್ದೆಯ ಪಂಪ್‌ಸೆಟ್ಟು, ಜೀರುಂಡೆ, ಒಳಗಡೆ ಪಾತ್ರೆ ತೊಳೆಯೋ ಸದ್ದು ಎಲ್ಲಾ ಕೇಳಿಸುತ್ತೆ. ಥ್ರೆಶೋಲ್ಡ್ (ಕೆಲಸ ಶುರುವಾಗುವ ಮಟ್ಟ), ರೇಶಿಯೋ (ಎಷ್ಟು ಎತ್ತಬೇಕು ಅನ್ನುವ ಪ್ರಮಾಣ) ಎಲ್ಲಿಡಬೇಕು ಅಂತ ಗೊತ್ತಿರುವವರು ದಯವಿಟ್ಟು ಹೇಳಿ.

ಪಾಂಡವಪುರ ಹುಡುಗ

ಅಣ್ಣಾ, ಇದಕ್ಕೆ ಪ್ಲಗಿನ್ ಯಾಕೆ? ಸಾಲಿನ ಕೊನೆಗಳನ್ನು ಕತ್ತರಿಸಿ ಒಂದೊಂದಕ್ಕೂ 5 ಡಿಬಿ (ಡೆಸಿಬಲ್) ಗೇನ್ ಏರಿಸಿ. ಅಥವಾ ವಾಲ್ಯೂಮ್ ಆಟೊಮೇಷನ್ ಗೆರೆ ಎಳೆಯಿರಿ. ಕೈಯಲ್ಲಿ ಮಾಡಿದ ಹಾಗೆ ಯಾವ ಪ್ಲಗಿನ್ನೂ ಮಾಡಲ್ಲ.

ಮಂಡ್ಯ ಮೈಕ್

ನಿಜ ತಮ್ಮಾ, ಒಂದು ಹಾಡಾದರೆ ಹಾಗೇ ಮಾಡಬಹುದಿತ್ತು. ಇದು ರಾತ್ರಿಯಿಡೀ ಹಾಡುವ ಕಥೆ. ಸಾವಿರಾರು ಸಾಲು ಇದೆ.

ಸರಸ್ವತಿಪುರಂ ಸೌಂಡ್

ಪ್ಲಗಿನ್ ಯಾವುದು ಅನ್ನೋದು ಆಮೇಲೆ ನೋಡೋಣ. ಥ್ರೆಶೋಲ್ಡ್ ಎಲ್ಲಿ ಅನ್ನೋದಕ್ಕೂ ಈಗಲೇ ಉತ್ತರ ಇಲ್ಲ, ನಿಮ್ಮ ಫೈಲು ನೋಡದೆ ಹೇಳುವ ಸಂಖ್ಯೆ ಬರೀ ಊಹೆ ಆಗುತ್ತೆ. ಮೊದಲು ಆರ್‌ಎಂಎಸ್ ಮೀಟರ್ (ಸದ್ದಿನ ಸರಾಸರಿ ಮಟ್ಟ ತೋರಿಸುವುದು) ಹಾಕಿಕೊಂಡು ಮೂರು ಅಳತೆ ತೆಗೆಯಿರಿ. ತಾತ ಹಾಡದೆ ಸುಮ್ನೆ ಕೂತಿರುವಾಗ ಮೀಟರ್ ಎಲ್ಲಿದೆ? ಸಾಲಿನ ಕೊನೆ ಇಳಿದಾಗ ಎಲ್ಲಿದೆ? ಸಾಧಾರಣವಾಗಿ ಹಾಡುವಾಗ ಎಲ್ಲಿದೆ? ಪೀಕ್, ಅಂದರೆ ತೀರಾ ಜೋರಾದ ಕ್ಷಣ, ಎಷ್ಟು ಅನ್ನೋದನ್ನೂ ಬರೆಯಿರಿ.

ಮಂಡ್ಯ ಮೈಕ್

ಅಕ್ಕಾ, ನೋಡಿದೆ. ಸುಮ್ನೆ ಇದ್ದಾಗ -62 ಡಿಬಿ ಆಸುಪಾಸು (0 ಅಂದರೆ ಅತಿ ಜೋರು, ಮೈನಸ್ ಜಾಸ್ತಿಯಾದಷ್ಟೂ ಮೆಲ್ಲಗೆ). ಸಾಲಿನ ಕೊನೆ -44. ಸಾಧಾರಣ ಹಾಡು -26. ಪೀಕ್ -9.

ಸರಸ್ವತಿಪುರಂ ಸೌಂಡ್

ರೆಕಾರ್ಡಿಂಗ್ ಚೆನ್ನಾಗೇ ಇದೆ. ಮೆಲ್ಲಗಿನ ಮಾತಿಗೂ ಹಿನ್ನೆಲೆ ಗದ್ದಲಕ್ಕೂ 18 ಡಿಬಿ ಅಂತರ ಇದೆ. ಆ 18 ಅನ್ನು ಕಳೆಯದೆ ಕೆಲಸ ಮಾಡುವುದೇ ಇಲ್ಲಿರುವ ಸವಾಲು, ಉಳಿದದ್ದೆಲ್ಲ ಅದರ ಹಿಂದೆ ಬರುತ್ತೆ.

ಮಾಮೂಲಿ ಕಂಪ್ರೆಸರ್ ಥ್ರೆಶೋಲ್ಡ್ ದಾಟಿ ಮೇಲೆ ಹೋದದ್ದನ್ನು ಒತ್ತುತ್ತೆ, ಆಮೇಲೆ ನಾವು ಒಟ್ಟಾರೆ ಗೇನ್ ಏರಿಸುತ್ತೇವೆ. ಹಾಗಾಗಿ ಮೀಟು ಸಪ್ಪೆ ಆಗುತ್ತೆ. ಅಪ್‌ವರ್ಡ್ ಕಂಪ್ರೆಸರ್ ಥ್ರೆಶೋಲ್ಡಿಗಿಂತ ಕೆಳಗೆ ಇರುವುದನ್ನು ಎತ್ತುತ್ತೆ. ಮೇಲಿರುವುದರ ತಂಟೆಗೆ ಹೋಗುವುದಿಲ್ಲ. ತಾತ ಕೂಗಿ ಹಾಡಿದ್ದು ಹಾಗೇ ಇರುತ್ತೆ, ತಂಬೂರಿಯ ಮೀಟೂ ಹಾಗೇ ಇರುತ್ತೆ. ನಿಮಗೆ ಬೇಕಾದದ್ದು ಇದೇ.

ಆದರೆ ಲೆಕ್ಕ ಹಾಕಿ ನೋಡಿ. ಥ್ರೆಶೋಲ್ಡ್ -34, ರೇಶಿಯೋ 2:1 ಅಂತ ಇಟ್ಟುಕೊಳ್ಳೋಣ. ಸಾಲಿನ ಕೊನೆ -44, ಅಂದರೆ ಥ್ರೆಶೋಲ್ಡಿಗಿಂತ 10 ಕೆಳಗೆ. 2:1 ಅಂದರೆ ಆ 10 ಈಗ 5 ಆಗುತ್ತೆ, -39ಕ್ಕೆ ಬಂತು. ಚೆನ್ನಾಯ್ತು. ಗದ್ದಲ -62ರಲ್ಲಿದೆ, 28 ಕೆಳಗೆ. ಅದು 14 ಆಗುತ್ತೆ, ಅಂದರೆ -48. ಮಾತಿಗೆ ಸಿಕ್ಕಿದ್ದು 5 ಡಿಬಿ, ಪಂಪ್‌ಸೆಟ್ಟಿಗೆ ಸಿಕ್ಕಿದ್ದು 14 ಡಿಬಿ! 18 ಇದ್ದ ಅಂತರ 9ಕ್ಕೆ ಇಳಿಯಿತು. ಎಷ್ಟು ಕೆಳಗಿದ್ದರೆ ಅಷ್ಟು ಜಾಸ್ತಿ ಎತ್ತುವುದು ಅಪ್‌ವರ್ಡ್ ಕಂಪ್ರೆಷನ್ನಿನ ಸ್ವಭಾವ, ಅದಕ್ಕೇ ನಿಮಗೆ ಪಾತ್ರೆ ಸದ್ದೂ ಕೇಳಿಸಿದ್ದು.

ಆದ್ದರಿಂದ ಮೊದಲು ಹುಡುಕಬೇಕಾದ ಗುಂಡಿ ರೇಶಿಯೋ ಅಲ್ಲ, ರೇಂಜ್. ಕೆಲವು ಪ್ಲಗಿನ್ನುಗಳಲ್ಲಿ ಅದು ಮ್ಯಾಕ್ಸ್ ಗೇನ್ ಅಂತ ಇರುತ್ತೆ. ಎಷ್ಟೇ ಕೆಳಗಿದ್ದರೂ ಇಷ್ಟಕ್ಕಿಂತ ಜಾಸ್ತಿ ಎತ್ತಬೇಡ ಅಂತ ಹೇಳುವ ಗುಂಡಿ ಅದು. ಅದನ್ನು 5 ಡಿಬಿಗೆ ಇಡಿ. ಈಗ ಮಾತು -39, ಗದ್ದಲ -57. ಅಂತರ ಮತ್ತೆ 18. ರೇಂಜ್ ಇಲ್ಲದ ಅಪ್‌ವರ್ಡ್ ಕಂಪ್ರೆಸರನ್ನು ಜಗುಲಿಯಲ್ಲಿ ಮಾಡಿದ ರೆಕಾರ್ಡಿಂಗಿಗೆ ಹಾಕಲೇಬೇಡಿ ಅಂತ ನಾನು ಹೇಳುತ್ತೇನೆ.

ಹಳೇ ಟೇಪು

ಇದು ಹೊಸ ಕಾಲದ ಪ್ಲಗಿನ್ ತಂತ್ರ ಅಂತ ಕೆಲವರು ಅಂದುಕೊಂಡಿದ್ದಾರೆ, ಅದಕ್ಕೆ ಒಂದು ಮಾತು. ರೇ ಡಾಲ್ಬಿ 1963ರಿಂದ 1965ರವರೆಗೆ ನಮ್ಮ ದೇಶದಲ್ಲೇ ಇದ್ದರು, ಯುನೆಸ್ಕೋ ಸಲಹೆಗಾರರಾಗಿ ಚಂಡೀಗಢದಲ್ಲಿ. ಇಲ್ಲಿಂದ ಲಂಡನ್ನಿಗೆ ಹೋಗಿ 1965ರಲ್ಲಿ ಕಂಪನಿ ಶುರು ಮಾಡಿ ಟೇಪಿನ ಹಿಸ್ (ಸುಯ್ ಅನ್ನುವ ಸದ್ದು) ಕಡಿಮೆ ಮಾಡುವ ಡಾಲ್ಬಿ ಎ ತಂದರು. ಅದು ಕೆಲಸ ಮಾಡುವುದೂ ಹೀಗೇ. ರೆಕಾರ್ಡ್ ಮಾಡುವಾಗ ಮೆಲ್ಲಗಿನ ಸದ್ದನ್ನು ಮಾತ್ರ ಸುಮಾರು 10 ಡಿಬಿ ಎತ್ತಿ ಟೇಪಿಗೆ ಬರೆಯುವುದು, ಜೋರಾದದ್ದನ್ನು ಮುಟ್ಟುವುದಿಲ್ಲ. ಕೇಳಿಸುವಾಗ ಅಷ್ಟನ್ನೇ ಇಳಿಸುವುದು. ಇಳಿಸುವಾಗ ಟೇಪಿನ ಹಿಸ್ ಕೂಡ ಇಳಿಯುತ್ತೆ. ಆಮೇಲೆ ಸ್ಟುಡಿಯೋದವರು ಬರೀ ಎತ್ತುವ ಅರ್ಧ ಮಾತ್ರ ಬಳಸಿ, ಇಳಿಸುವುದನ್ನು ಬಿಟ್ಟು, ಹಾಡುಗಾರರ ದನಿಗೆ ಒಂದು ಹೊಳಪು ತರುತ್ತಿದ್ದರು.

ಅಲ್ಲಿ ಕೂಡ ಮಿತಿ ಇತ್ತು ಗಮನಿಸಿ. ಎತ್ತುವುದು 10, ತೀರಾ ಮೇಲಿನ ಸ್ವರಗಳಲ್ಲಿ 15, ಅಷ್ಟಕ್ಕೇ ನಿಲ್ಲುತ್ತಿತ್ತು. ಸರಸ್ವತಿಪುರಂನವರು ರೇಂಜ್ ಬಗ್ಗೆ ಹೇಳಿದ್ದು ಸರಿಯಾಗಿದೆ.

ಮಂಡ್ಯ ಮೈಕ್

ಧನ್ಯವಾದ ಸರ್, ಧನ್ಯವಾದ ಅಕ್ಕಾ. ರೇಂಜ್ 5 ಇಟ್ಟೆ, ತುಂಬಾ ವ್ಯತ್ಯಾಸ ಆಯ್ತು. ಈಗ ಇನ್ನೊಂದು ಕಾಣುತ್ತಿದೆ. ತಾತ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಕೂಡಲೇ ಹಿನ್ನೆಲೆ ಮೇಲೆ ಬರುತ್ತೆ, ಹಾಡಿದ ಕೂಡಲೇ ಕೆಳಗೆ ಹೋಗುತ್ತೆ. ಹೀಗೇ ಏರಿಳಿಯುತ್ತಾ ಇರುತ್ತೆ. ಇನ್ನೊಂದು, ಗಗ್ಗರ ಬಾರಿಸುವ ಕಡೆ ಸಾಲಿನ ಕೊನೆ ಮೊದಲಿನ ಹಾಗೇ ಕೆಳಗೇ ಇದೆ, ಎತ್ತುತ್ತಲೇ ಇಲ್ಲ.

ಸರಸ್ವತಿಪುರಂ ಸೌಂಡ್

ಎರಡೂ ಬೇರೆ ಬೇರೆ ವಿಷಯ.

ಮೊದಲನೆಯದು, ನಿಲ್ಲಿಸಿದಾಗ ಗದ್ದಲ ಏರುವುದು. ಅಪ್‌ವರ್ಡ್ ಕಂಪ್ರೆಸರಿಗೆ ಮೊದಲು ಒಂದು ಡೌನ್‌ವರ್ಡ್ ಎಕ್ಸ್‌ಪ್ಯಾಂಡರ್ ಇಡಿ, ಥ್ರೆಶೋಲ್ಡಿಗಿಂತ ಕೆಳಗಿರುವುದನ್ನು ಇನ್ನೂ ಕೆಳಗೆ ಇಳಿಸುವುದು ಅದು. ಗೇಟ್ ಬೇಡ, ಗೇಟ್ ಹಾಕಿದರೆ ಜಗುಲಿಯ ಗಾಳಿಯೇ ಟಪ್ ಅಂತ ಕತ್ತರಿಸಿಹೋಗುತ್ತೆ, ಕಿವಿಗೆ ಅದು ಇನ್ನೂ ಕೆಟ್ಟದು. ಎಕ್ಸ್‌ಪ್ಯಾಂಡರ್ ಥ್ರೆಶೋಲ್ಡ್ -54, ರೇಶಿಯೋ 1.5. ಗದ್ದಲ -62ರಲ್ಲಿ ಇದೆ, 8 ಕೆಳಗೆ. ಅದು 12 ಆಗುತ್ತೆ, -66. ಆಮೇಲೆ ಅಪ್‌ವರ್ಡ್ ಅದಕ್ಕೆ 5 ಸೇರಿಸುತ್ತೆ, -61. ಮೊದಲು ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲೇ ಬಂದು ನಿಂತಿತು. ಸಾಲಿನ ಕೊನೆ -44ರಲ್ಲಿ ಇರುವುದರಿಂದ ಎಕ್ಸ್‌ಪ್ಯಾಂಡರ್ ಅದನ್ನು ಮುಟ್ಟುವುದಿಲ್ಲ. ಈ -54 ಸುಮ್ನೆ ಹೇಳಿದ್ದಲ್ಲ, ಗದ್ದಲಕ್ಕಿಂತ ಸ್ವಲ್ಪ ಮೇಲೆ, ಮಾತಿಗಿಂತ ಸಾಕಷ್ಟು ಕೆಳಗೆ. ಬೇರೆ ದಿನದ ಫೈಲಿಗೆ ಬೇರೆ ಸಂಖ್ಯೆ ಬರುತ್ತೆ. ಗಾಳಿ ಜೋರಾಗಿದ್ದ ದಿನ, ಪಕ್ಕದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿದ್ದ ದಿನ ಮತ್ತೆ ಅಳೆದು ಇಡಬೇಕು.

ಎಲ್ಲಕ್ಕಿಂತ ಮುಂಚೆ 80 ಹರ್ಟ್ಸ್ ಹತ್ತಿರ ಹೈಪಾಸ್ ಹಾಕಿ, ಅದಕ್ಕಿಂತ ಕೆಳಗಿನ ದಪ್ಪ ಸದ್ದು ಹೋಗುತ್ತೆ. ಪಂಪ್‌ಸೆಟ್ಟಿನ ಗುಂಯ್ ಇದ್ದರೆ 100 ಮತ್ತು 150 ಹರ್ಟ್ಸಿನಲ್ಲಿ ಕಿರಿದಾದ ಕಡಿತ ಕೊಡಿ, ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಗುಂಯ್ ಅದರ ಗುಣಕಗಳಲ್ಲೇ ಕೂತಿರುತ್ತೆ. ಕ್ಲೀನ್ ಮಾಡುವ ಕೆಲಸವೆಲ್ಲ ಎತ್ತುವ ಮೊದಲೇ ಮುಗಿಯಬೇಕು.

ಎರಡನೆಯದು, ಗಗ್ಗರ. ಕಂಪ್ರೆಸರ್ ತಾತನ ದನಿಯನ್ನಷ್ಟೇ ನೋಡುತ್ತಿಲ್ಲ, ಮೈಕಿಗೆ ಬಿದ್ದ ಒಟ್ಟು ಸದ್ದನ್ನು ನೋಡುತ್ತಿದೆ. ಗಗ್ಗರ ಝಲ್ ಅಂದಾಗ ಒಟ್ಟು ಮಟ್ಟ ಥ್ರೆಶೋಲ್ಡಿಗಿಂತ ಮೇಲೇ ಇರುತ್ತೆ. ಎಲ್ಲ ಜೋರಾಗಿದೆ ಅಂತ ಅದು ಕೈಕಟ್ಟಿ ಕೂರುತ್ತೆ. ಡಿಟೆಕ್ಟರಿಗೆ ಅಥವಾ ಸೈಡ್‌ಚೈನಿಗೆ (ಕಂಪ್ರೆಸರ್ ಮಟ್ಟ ಅಳೆಯುವ ಭಾಗ) ಲೋಪಾಸ್, ಅಂದರೆ ಮೇಲಿನ ಸ್ವರಗಳನ್ನು ತೆಗೆಯುವ ಫಿಲ್ಟರ್, ಇದ್ದರೆ 3000 ಹರ್ಟ್ಸ್ ಹತ್ತಿರ ಇಡಿ. ಕೇಳುವ ಸದ್ದು ಬದಲಾಗುವುದಿಲ್ಲ, ಕಂಪ್ರೆಸರ್ ಏನನ್ನು ಗಮನಿಸುತ್ತೆ ಅನ್ನೋದಷ್ಟೇ ಬದಲಾಗುತ್ತೆ. ಅದು ಇಲ್ಲದಿದ್ದರೆ ಮಲ್ಟಿಬ್ಯಾಂಡಿನಲ್ಲಿ 300ರಿಂದ 3000ದವರೆಗಿನ ಒಂದೇ ಬ್ಯಾಂಡಿಗೆ ಅಪ್‌ವರ್ಡ್ ಕೊಡಿ, ಉಳಿದವನ್ನು ಹಾಗೇ ಬಿಡಿ.

ಪಾಂಡವಪುರ ಹುಡುಗ

ಅಟ್ಯಾಕ್ ರಿಲೀಸ್ ಬಗ್ಗೆನೂ ಹೇಳಿ ಅಕ್ಕಾ. ನನಗೆ ಇದರಲ್ಲಿ ಯಾವಾಗಲೂ ತಲೆ ಕೆಡುತ್ತೆ, ಎತ್ತುವಾಗ ಅಟ್ಯಾಕೋ ಇಳಿಸುವಾಗ ಅಟ್ಯಾಕೋ?

ಸರಸ್ವತಿಪುರಂ ಸೌಂಡ್

ಹೆಚ್ಚಿನ ಪ್ಲಗಿನ್ನುಗಳಲ್ಲಿ ಸದ್ದು ಜೋರಾದಾಗ ನಡೆಯುವುದು ಅಟ್ಯಾಕ್, ಮೆಲ್ಲಗಾದಾಗ ನಡೆಯುವುದು ರಿಲೀಸ್. ಅಪ್‌ವರ್ಡಿನಲ್ಲಿ ಹಾಗಂದರೆ, ಎತ್ತಿದ್ದನ್ನು ಬಿಟ್ಟುಕೊಡುವ ವೇಗ ಅಟ್ಯಾಕ್, ಮತ್ತೆ ಎತ್ತುವ ವೇಗ ರಿಲೀಸ್. ಆದರೆ ಎಲ್ಲರೂ ಹಾಗೇ ಮಾಡಿಲ್ಲ, ಕೆಲವರು ತಿರುಗಿಸಿ ಇಟ್ಟಿದ್ದಾರೆ. ನಂಬುವುದಕ್ಕಿಂತ ಪರೀಕ್ಷೆ ಮಾಡಿ. ಒಂದು ಟೋನ್ ತೆಗೆದುಕೊಂಡು ಒಂದು ಸೆಕೆಂಡು -50, ಒಂದು ಸೆಕೆಂಡು -15, ಹೀಗೆ ಜೋಡಿಸಿ. ಪ್ಲಗಿನ್ ಹಾಕಿ ರೆಂಡರ್ ಮಾಡಿ ಅಲೆಯ ಚಿತ್ರ ನೋಡಿದರೆ ಯಾವ ಗುಂಡಿ ಯಾವ ಅಂಚನ್ನು ಬದಲಿಸುತ್ತೆ ಅಂತ ಕಣ್ಣಿಗೇ ಕಾಣುತ್ತೆ.

ಅಟ್ಯಾಕ್ ಬೇಗ ಇರಬೇಕು, 5 ಮಿಲಿಸೆಕೆಂಡಿನ ಆಸುಪಾಸು. ನಿಧಾನ ಆದರೆ ಮುಂದಿನ ಸಾಲಿನ ಮೊದಲ ಅಕ್ಷರಕ್ಕೂ ಆ 5 ಡಿಬಿ ಅಂಟಿಕೊಂಡೇ ಬರುತ್ತೆ. ಪ, ಕ, ತ ಅಂತ ಶುರುವಾಗುವ ಸಾಲುಗಳು ಕಿವಿಗೆ ಹೊಡೆಯುತ್ತವೆ. ಲುಕ್‌ಅಹೆಡ್ (ಬರುವ ಸದ್ದನ್ನು ಮುಂಚೆಯೇ ನೋಡುವ ಸೌಲಭ್ಯ) ಇದ್ದರೆ ಬಳಸಿ.

ರಿಲೀಸ್ ವಿಷಯದಲ್ಲಿ ನಾನು ಸ್ವಲ್ಪ ಹಠ ಹಿಡಿಯುತ್ತೇನೆ. ಇಂಟರ್ನೆಟ್ಟಿನಲ್ಲಿ ಓದುವ ಸಲಹೆಗಳಲ್ಲಿ ದನಿಗೆ 300, 400 ಮಿಲಿಸೆಕೆಂಡು ಅಂತ ಇರುತ್ತೆ. ಕನ್ನಡದ ಹಾಡುಗಥೆಗೆ ಅದು ಆಗಲ್ಲ. ನಮ್ಮ ಭಾಷೆಯಲ್ಲಿ ಸಾಲಿನ ಕೊನೆಗೆ ಬರುವುದು ಕ್ರಿಯಾಪದ, ಅದರ ಬಾಲದಲ್ಲೇ ಎಲ್ಲ ಇರುವುದು. ಬಂದನೋ ಬಂದಳೋ, ಕೊಟ್ಟರೋ ಕೊಡಲಿಲ್ಲವೋ, ಗೊತ್ತಾಗುವುದು ಆ ಕೊನೆಯ ಅಕ್ಷರದಲ್ಲಿ. ದನಿ ಇಳಿಯುವುದೂ ಸರಿಯಾಗಿ ಅಲ್ಲೇ. ಫೋನಿನಲ್ಲಿ ಕಥೆ ಕೇಳುವವರಿಗೆ ಯಾರು ಬಂದರು ಅಂತಲೇ ತಿಳಿಯದೆ ಹೋದರೆ ರೆಕಾರ್ಡ್ ಮಾಡಿ ಏನು ಬಂತು? ರಿಲೀಸ್ ನಿಧಾನ ಇಟ್ಟರೆ ಕಂಪ್ರೆಸರ್ ಎತ್ತಲು ಶುರು ಮಾಡುವ ಹೊತ್ತಿಗೆ ಆ ಅಕ್ಷರ ಮುಗಿದೇಹೋಗಿರುತ್ತೆ, ಎತ್ತಿದ್ದೆಲ್ಲ ಉಸಿರಿಗೆ ಸಿಗುತ್ತೆ. ಅದಕ್ಕೆ 100ರಿಂದ 150ರೊಳಗೆ ಇಡಿ. 50ಕ್ಕಿಂತ ಕೆಳಗೆ ಹೋಗಬೇಡಿ, ದನಿ ಗರಗರ ಅನ್ನಲು ಶುರುವಾಗುತ್ತೆ.

ಮೀಟು ಹುಡುಗಿ

ನಾನು ಮೈಸೂರು, ವೀಣೆ ನುಡಿಸುತ್ತೇನೆ, ಮನೆಯಲ್ಲೇ ರೆಕಾರ್ಡ್ ಮಾಡುತ್ತೇನೆ. ಇಲ್ಲಿ ಎಲ್ಲ ದನಿಯ ಬಗ್ಗೆ ಇದೆ, ವೀಣೆಗೂ ಇದೇ ಸಂಖ್ಯೆಗಳು ಆಗುತ್ತವಾ? ಮೀಟು ಕೇಳುತ್ತೆ, ಅದಾದ ಮೇಲೆ ತಂತಿಯಲ್ಲಿ ಎಳೆಯುವ ಗಮಕದ ಬಾಲ ಶ್ರುತಿಪೆಟ್ಟಿಗೆಯ ಕೆಳಗೆ ಮುಳುಗಿಹೋಗುತ್ತೆ.

ಹಳೇ ಟೇಪು

ಅವರು ಉತ್ತರ ಕೊಡುವಷ್ಟರಲ್ಲಿ ರೀಪರ್ ಇರುವವರಿಗೆ ಒಂದು ದಾರಿ. ಬೇರೆ ಪ್ಲಗಿನ್ ಕೊಳ್ಳಬೇಕಾಗಿಲ್ಲ. ಅದರ ಜೊತೆಯಲ್ಲೇ ಬರುವ ರೀಕಾಂಪ್ ಕಂಪ್ರೆಸರ್ ಸಾಕು, ಪ್ಯಾರಲಲ್ ಆಗಿ, ಅಂದರೆ ಮೂಲ ಸದ್ದಿಗೆ ಒತ್ತಿದ ಪ್ರತಿಯನ್ನು ಕೂಡಿಸಿ ಬಳಸಬೇಕು. ಅದರಲ್ಲಿ ವೆಟ್ (ಒತ್ತಿದ ಪ್ರತಿ) ಮತ್ತು ಡ್ರೈ (ಮೂಲ) ಅಂತ ಎರಡು ಸ್ಲೈಡರ್ ಇವೆ. ಎರಡನ್ನೂ 0 ಡಿಬಿಗೆ ಇಡಿ. ಥ್ರೆಶೋಲ್ಡ್ -40, ರೇಶಿಯೋ 10:1. ಮೇಕಪ್ ಬೇಡ.

ಏನಾಗುತ್ತೆ ನೋಡಿ. ಸಾಲಿನ ಕೊನೆ -44, ಥ್ರೆಶೋಲ್ಡಿಗಿಂತ ಕೆಳಗೆ, ಕಂಪ್ರೆಸರ್ ಅದನ್ನು ಮುಟ್ಟುವುದಿಲ್ಲ. ಒಂದೇ ಮಟ್ಟದ ಎರಡು ಪ್ರತಿ ಕೂಡಿ 6 ಡಿಬಿ ಏರುತ್ತೆ. ಸಾಧಾರಣ ಹಾಡು -26, ಅದರ ಒತ್ತಿದ ಪ್ರತಿ -38.6ಕ್ಕೆ ಇಳಿದಿರುತ್ತೆ, ಕೂಡಿದರೆ ಸಿಗುವುದು 1.8 ಡಿಬಿ ಮಾತ್ರ. -10ರಲ್ಲಿ ಕೂಗಿದರೆ ಅರ್ಧ ಡಿಬಿಯೂ ಇಲ್ಲ. ಮೆಲ್ಲಗಿದ್ದದ್ದು ಎದ್ದಿತು, ಜೋರಾದದ್ದು ಅಲ್ಲೇ ಇದೆ. ಮುಖ್ಯ ಅಂದರೆ ಎಷ್ಟೇ ಕೆಳಗಿನ ಗದ್ದಲಕ್ಕೂ 6ರ ಮೇಲೆ ಸಿಗುವುದಿಲ್ಲ, ಮಿತಿ ತಾನಾಗೇ ಬಂತು.

ಇದರಲ್ಲಿ ಅಟ್ಯಾಕ್ ಇನ್ನೂ ಬೇಗ ಬೇಕು, 1 ಅಥವಾ 2 ಮಿಲಿಸೆಕೆಂಡು, ಪ್ರೀಕಾಂಪ್ (ಅದರ ಲುಕ್‌ಅಹೆಡ್) 3ರಷ್ಟು. ಇಲ್ಲದಿದ್ದರೆ ತಂಬೂರಿಯ ಮೀಟಿನ ಮೊದಲ ಕ್ಷಣ ಒತ್ತದೇ ಹಾಗೇ ಬಂದು ಡ್ರೈ ಜೊತೆ ಕೂಡಿ 6 ಡಿಬಿ ಎಗರುತ್ತೆ. ಗಗ್ಗರದ ಕಾಟಕ್ಕೆ ಅದರಲ್ಲೇ ಡಿಟೆಕ್ಟರಿನ ಲೋಪಾಸ್ ಸ್ಲೈಡರ್ ಇದೆ. ಬೇರೆ ಟ್ರ್ಯಾಕಿಗೆ ಕಳಿಸಿ ಪ್ಯಾರಲಲ್ ಮಾಡುವವರು ಆ ಪ್ರತಿಗೆ ಮಾತ್ರ ಈಕ್ಯೂ ಹಾಕುವಾಗ ಎಚ್ಚರ, ಫೇಸ್ (ಎರಡು ಪ್ರತಿಗಳ ಅಲೆಗಳ ಹೊಂದಿಕೆ) ಬದಲಾಗಿ ದನಿ ಟೊಳ್ಳಾಗಬಹುದು.

ಮಂಡ್ಯ ಮೈಕ್

ಸರ್ ಇದು ಬಹಳ ಚೆನ್ನಾಗಿ ಕೂತಿದೆ! ವೆಟ್ -2ಕ್ಕೆ ಇಳಿಸಿದೆ, ಅದಕ್ಕೂ ಮೊದಲು ಎಕ್ಸ್‌ಪ್ಯಾಂಡರ್ ಇದೆ. ತಾತನ ಮೊಮ್ಮಗ ಫೋನಿನಲ್ಲಿ ಕೇಳಿ ಎಲ್ಲ ಮಾತೂ ಗೊತ್ತಾಗ್ತಿದೆ ಅಂದ. ಬೈಪಾಸ್ ಮಾಡಿ ಹೋಲಿಸಿದಾಗ ಪ್ಲಗಿನ್ ಇರುವುದೇ ಯಾವಾಗಲೂ ಚೆನ್ನಾಗಿದೆ ಅನಿಸುತ್ತೆ. ಜೋರಾಗಿರುವುದಕ್ಕೆ ಹಾಗೆ ಅನಿಸುತ್ತಿದೆಯಾ?

ಸರಸ್ವತಿಪುರಂ ಸೌಂಡ್

ಹೌದು, ಸ್ವಲ್ಪ ಅದೂ ಇರುತ್ತೆ. ಔಟ್‌ಪುಟ್ ಇಳಿಸಿ ಎರಡನ್ನೂ ಸಮ ಮಾಡಿ ಕೇಳಿ. ಎಲ್‌ಯುಎಫ್‌ಎಸ್ ಮೀಟರ್ (ಕಿವಿಗೆ ಕೇಳಿಸುವ ಜೋರನ್ನು ಅಳೆಯುವುದು) ನೋಡಿ ಸಮ ಮಾಡಬಹುದು, ಆದರೆ ಇಲ್ಲಿ ಅದು ಪೂರ್ತಿ ಹೇಳುವುದಿಲ್ಲ. ಆ ಮೀಟರು ಒಟ್ಟು ಸರಾಸರಿ ತೆಗೆಯುವಾಗ ಸರಾಸರಿಗಿಂತ 10ಕ್ಕೂ ಕೆಳಗಿರುವ ತುಣುಕುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾವು ಎತ್ತುತ್ತಿರುವುದು ಬಹುಪಾಲು ಅಲ್ಲಿರುವುದನ್ನೇ. ಮೀಟರಿನಲ್ಲಿ ಸ್ವಲ್ಪವೇ ಏರಿದ್ದು ಕಿವಿಗೆ ಜಾಸ್ತಿ ಕೇಳಿಸುತ್ತೆ. ಆದ್ದರಿಂದ ಸಾಧಾರಣ ಹಾಡಿನ ಭಾಗವನ್ನು ಕಿವಿಯಲ್ಲೇ ಸಮ ಮಾಡಿಕೊಳ್ಳಿ, ಆಮೇಲೆ ಸಾಲಿನ ಕೊನೆಗಳನ್ನಷ್ಟೇ ಹೋಲಿಸಿ. ವಾಲ್ಯೂಮ್ ಕಡಿಮೆ ಇಟ್ಟು ಒಮ್ಮೆ, ಮಂಡ್ಯ ಮೈಸೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಮ್ಮೆ ಕೇಳಿ. ನಿಮ್ಮ ಕೇಳುಗರು ಕೇಳುವುದು ಅಲ್ಲೇ ಅಲ್ವಾ. ಬಸ್ಸಿನಲ್ಲಿ ಇನ್ನೂ ಬೇಕು ಅನಿಸಿದರೆ 1 ಡಿಬಿ ಏರಿಸಿ, 3 ಏರಿಸಬೇಡಿ. ಮೆಲ್ಲಗೆ ಹೇಳುವುದೂ ತಾತನ ಕಥೆಯ ಭಾಗ. ಎಲ್ಲ ಒಂದೇ ಮಟ್ಟಕ್ಕೆ ಬಂದರೆ ಅಳುವ ಸಾಲಿಗೂ ಬೈಯುವ ಸಾಲಿಗೂ ವ್ಯತ್ಯಾಸ ಉಳಿಯಲ್ಲ.

ಮೂಲ 24 ಬಿಟ್ ಫೈಲುಗಳನ್ನು ಮುಟ್ಟದೆ ಬೇರೆ ಡಿಸ್ಕಿನಲ್ಲಿ ಇಡಿ. ಇವೆಲ್ಲ ಕೇಳಿಸಲು ಮಾಡುವ ಪ್ರತಿಗೆ ಮಾತ್ರ.

ಪಾಂಡವಪುರ ಹುಡುಗ

ರೀಪರ್ ಇಲ್ಲದವರಿಗೆ ಯಾವ ಪ್ಲಗಿನ್?

ಸರಸ್ವತಿಪುರಂ ಸೌಂಡ್

ಫ್ಯಾಬ್‌ಫಿಲ್ಟರ್ ಪ್ರೊ-ಎಂಬಿ ಇದ್ದರೆ ಕಂಪ್ರೆಸ್ ಮೋಡಿನಲ್ಲಿ ರೇಂಜನ್ನು ಪ್ಲಸ್ ಕಡೆ ತಿರುಗಿಸಿ, ಅದೇ ಅಪ್‌ವರ್ಡ್ ಕಂಪ್ರೆಷನ್. ಮಿತಿಯೂ ಅದೇ ಗುಂಡಿಯಲ್ಲಿ ಸಿಗುತ್ತೆ, ಬ್ಯಾಂಡೂ ಸಿಗುತ್ತೆ, ಈ ಕೆಲಸಕ್ಕೆ ನನಗೆ ಅದೇ ಇಷ್ಟ. ವೇವ್ಸ್ ಎಂವಿ2ರಲ್ಲಿ ಲೋ ಲೆವೆಲ್ ಅಂತ ಒಂದು ಸ್ಲೈಡರ್ ಇದೆ, ಸುಲಭ, ಆದರೆ ಅಟ್ಯಾಕ್ ರಿಲೀಸ್ ನಮ್ಮ ಕೈಯಲ್ಲಿಲ್ಲ. ಏಬಲ್ಟನ್ ಇದ್ದವರಿಗೆ ಮಲ್ಟಿಬ್ಯಾಂಡ್ ಡೈನಾಮಿಕ್ಸಿನಲ್ಲಿ ಬಿಲೋ ಅನ್ನುವ ಭಾಗ ಇದಕ್ಕೇ ಇರುವುದು. ಎಕ್ಸ್‌ಫರ್ ಅವರ ಒಟಿಟಿ ಉಚಿತ. ಅದು ಮೂರು ಬ್ಯಾಂಡಿನಲ್ಲೂ ಮೇಲಿನಿಂದ ಒತ್ತಿ ಕೆಳಗಿನಿಂದ ಎತ್ತುವಂಥದ್ದು, ಎಲೆಕ್ಟ್ರಾನಿಕ್ ಸಂಗೀತದ ಸಿಂಥ್‌ಗಳಿಗೆ ಹೇಳಿ ಮಾಡಿಸಿದ್ದು. ದನಿಗೆ ಬಳಸಲೇಬೇಕಾದರೆ ಡೌನ್‌ವರ್ಡ್ ಸೊನ್ನೆಗೆ ಇಳಿಸಿ, ಡೆಪ್ತ್ ಶೇಕಡ 10, 15ಕ್ಕೆ ಇಳಿಸಿ ಶುರು ಮಾಡಿ.

ಈಗ ವೀಣೆ. ಇಲ್ಲ, ಅದೇ ಸಂಖ್ಯೆಗಳು ಆಗುವುದಿಲ್ಲ. ವೀಣೆಯ ನಾದ ತಾನಾಗೇ ನಿಧಾನವಾಗಿ ಇಳಿಯುತ್ತೆ, ಅಲ್ಲಿ ರಿಲೀಸ್ ಬೇಗ ಇದ್ದರೆ ನಾದ ಇಳಿಯುತ್ತಾ ಇಳಿಯುತ್ತಾ ಮತ್ತೆ ಉಬ್ಬಿದ ಹಾಗೆ ಕೇಳುತ್ತೆ, ಹಾರ್ಮೋನಿಯಂ ಬೆರೆತ ಹಾಗೆ. ರಿಲೀಸ್ 500 ಹತ್ತಿರ, ರೇಶಿಯೋ 1.3, ರೇಂಜ್ 3 ಡಿಬಿ, ನೀ (knee, ಥ್ರೆಶೋಲ್ಡಿನ ಹತ್ತಿರದ ತಿರುವು) ಅಗಲವಾಗಿ. ಥ್ರೆಶೋಲ್ಡನ್ನು ಮೀಟಾದ ಮೇಲೆ ಗಮಕ ಶುರುವಾಗುವ ಮಟ್ಟಕ್ಕೆ ಇಡಿ, ಅದಕ್ಕಿಂತ ಮೇಲೆ ಬೇಡ. ಬೆರಳು ತಂತಿಯ ಮೇಲೆ ಜಾರುವ ಸದ್ದೂ ಏರುತ್ತೆ, ಅದು ಜಾಸ್ತಿ ಕೇಳಿಸಿದರೆ ರೇಂಜ್ 2ಕ್ಕೆ ಇಳಿಸಿ. ರಿವರ್ಬ್ ಹಾಕುವುದಿದ್ದರೆ ಇದಾದ ಮೇಲೆ ಹಾಕಿ, ಮೊದಲು ಹಾಕಿದರೆ ರಿವರ್ಬಿನ ಬಾಲವನ್ನೂ ಇದು ಎತ್ತುತ್ತೆ.

ನಿಮ್ಮ ನಿಜವಾದ ತೊಂದರೆ ಶ್ರುತಿಪೆಟ್ಟಿಗೆ ಅನಿಸುತ್ತೆ. ಅದು ಅದೇ ಮೈಕಿಗೆ ಬೀಳುತ್ತಿದ್ದರೆ ಗಮಕದ ಬಾಲ ಇಳಿದಾಗೆಲ್ಲ ಕಂಪ್ರೆಸರ್ ಎತ್ತುವುದು ಶ್ರುತಿಯನ್ನೇ. ಶ್ರುತಿಯನ್ನು ಒಂದು ಕಿವಿಯ ಇಯರ್‌ಫೋನಿನಲ್ಲಿ ಕೇಳುತ್ತಾ ನುಡಿಸಿ, ಬೇರೆ ಟ್ರ್ಯಾಕಿನಲ್ಲಿ ಆಮೇಲೆ ಸೇರಿಸಿ. ಹಾಗೆ ಒಂದು ಸಣ್ಣ ಆಲಾಪನೆ ರೆಕಾರ್ಡ್ ಮಾಡಿ, ಪ್ಲಗಿನ್ ಏನೂ ಹಾಕದೆ ಇಲ್ಲಿ ಹಾಕಿ, ಥ್ರೆಶೋಲ್ಡ್ ಎಲ್ಲಿ ಅಂತ ಕೇಳಿ ಹೇಳುತ್ತೇನೆ.

ಮೀಟು ಹುಡುಗಿ

ಹೌದು, ಒಂದೇ ಮೈಕು, ಶ್ರುತಿಪೆಟ್ಟಿಗೆ ಪಕ್ಕದಲ್ಲೇ ಇರುತ್ತೆ. ನಾಳೆ ಬೆಳಿಗ್ಗೆ ರಸ್ತೆಯಲ್ಲಿ ಗಾಡಿ ಓಡಾಟ ಶುರುವಾಗುವ ಮೊದಲು ಇಯರ್‌ಫೋನ್ ಹಾಕಿಕೊಂಡು ನುಡಿಸಿ ಕಳಿಸುತ್ತೇನೆ ಅಕ್ಕಾ.